ಲಿಂಗನಮಕ್ಕಿ ಬರೀ ‘ಮಕ್ಕಿ’ ಆದಾಗ: ಅಂಚು ಕತ್ತರಿಸಿಹೋದ ಒಂದು ಚಿತ್ರದ ಪ್ರಕರಣ

ಸಂಶೋಧನಾ ಪತ್ರಿಕೆಯ ರಿವ್ಯೂವರ್, ಅಂದರೆ ಲೇಖನ ಪರಿಶೀಲಿಸುವವರು, ಬರೆದಿದ್ದು ಎರಡೇ ಸಾಲು. ಮೂರನೇ ಚಿತ್ರದ ಎಡಗಡೆ ಜಲಾಶಯಗಳ ಹೆಸರು ಪೂರ್ತಿ ಇಲ್ಲ. ಬಲಗಡೆ ಬಣ್ಣದ ಚೌಕ ಇದೆ, ಯಾವ ಬಣ್ಣ ಯಾವುದಕ್ಕೆ ಅಂತ ಬರೆದಿಲ್ಲ. ಇಷ್ಟೇ. ಆದರೆ ಆ ಎರಡು ಸಾಲಿಗೆ ಉತ್ತರ ಕೊಡೋಕೆ ಸಂಶೋಧನೆ ಮಾಡುತ್ತಿದ್ದ ಆ ಹುಡುಗಿ ನಾಲ್ಕು ದಿನ ಒದ್ದಾಡಿದ್ದಳು. ಐದನೇ ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

‘ಮೇಡಂ, ನೋಟ್‌ಬುಕ್‌ನಲ್ಲಿ ಚಿತ್ರ ಸರಿಯಾಗೇ ಇದೆ. ಸೇವ್ ಮಾಡಿದರೆ ಮಾತ್ರ ಕಟ್ ಆಗುತ್ತೆ’ ಅಂದಳು.

ನೋಟ್‌ಬುಕ್ ಅಂದರೆ ಇಲ್ಲಿ ಕೋಡ್ ಬರೆದು ಅಲ್ಲೇ ಚಿತ್ರ ನೋಡುವ ಕಂಪ್ಯೂಟರ್ ಪುಟ. ಪೈಥಾನ್ ಭಾಷೆಯಲ್ಲಿ ಗ್ರಾಫ್ ಬಿಡಿಸುವವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಕೇಳಿದ ಕೂಡಲೇ ಅರ್ಧ ಉತ್ತರ ಗೊತ್ತಾಗುತ್ತದೆ. ಆದರೂ ಇಡೀ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಇಲ್ಲಿ ಕತ್ತರಿ ಬಿದ್ದಿದ್ದು ಒಂದು ಕಡೆ ಅಲ್ಲ. ಮೊದಲು ಹೊಳೆಯುವ ಪರಿಹಾರ ಇಲ್ಲಿ ಇನ್ನೊಂದು ತೊಂದರೆಯನ್ನೂ ತಂದಿತು.

ಚಿತ್ರ ಏನಿತ್ತು

ಕರ್ನಾಟಕದ 13 ಜಲಾಶಯಗಳ ಒಟ್ಟು ಸಾಮರ್ಥ್ಯವನ್ನು ಟಿಎಂಸಿ ಲೆಕ್ಕದಲ್ಲಿ ತೋರಿಸುವ ಅಡ್ಡ ಪಟ್ಟಿಗಳ ಚಾರ್ಟ್ ಅದು. ಎಲ್ಲಕ್ಕಿಂತ ಮೇಲೆ ಲಿಂಗನಮಕ್ಕಿ, 151.75. ಅದರ ಕೆಳಗೆ ಸೂಪಾ 145.33, ಆಲಮಟ್ಟಿ 123.08, ತುಂಗಭದ್ರಾ 105.79, ಭದ್ರಾ 71.54, ಘಟಪ್ರಭಾ 51.00, ಕೃಷ್ಣರಾಜಸಾಗರ 49.45. ಹೀಗೆ ಇಳಿಯುತ್ತಾ ಕೊನೆಗೆ ಹಾರಂಗಿ, 8.50. ಎಡಗಡೆ ಜಲಾಶಯದ ಹೆಸರು ಇಂಗ್ಲಿಷಿನಲ್ಲಿ. ಕೃಷ್ಣಾ ಕೊಳ್ಳಕ್ಕೆ ಒಂದು ಬಣ್ಣ, ಕಾವೇರಿ ಕೊಳ್ಳಕ್ಕೆ ಒಂದು, ಜಲವಿದ್ಯುತ್ ಜಲಾಶಯಗಳಿಗೆ ಒಂದು. ಬಣ್ಣದ ವಿವರ, ಅಂದರೆ ಲೆಜೆಂಡ್, ಚಾರ್ಟಿನ ಚೌಕಟ್ಟಿನ ಹೊರಗೆ ಬಲಗಡೆ.

ಅವಳು ಪತ್ರಿಕೆಗೆ ಕಳಿಸಿದ್ದ ಪಿಎನ್‌ಜಿ ಫೈಲ್ ತೆರೆದು ನೋಡಿದೆ. ಲಿಂಗನಮಕ್ಕಿ ಇರಬೇಕಾದ ಕಡೆ ‘ಮಕ್ಕಿ’ ಅಂತ ಮಾತ್ರ ಇತ್ತು. ಕೃಷ್ಣರಾಜಸಾಗರದ ಹದಿನೇಳು ಇಂಗ್ಲಿಷ್ ಅಕ್ಷರಗಳಲ್ಲಿ ಉಳಿದಿದ್ದು ಕೊನೆಯ ಐದು: ‘ಅಗರ’. ಆಲಮಟ್ಟಿಗೆ ಮೊದಲ ಅಕ್ಷರವೇ ಇಲ್ಲ. ಸೂಪಾ ಚಿಕ್ಕ ಹೆಸರು, ಅದಕ್ಕೆ ಬಚಾವಾಗಿತ್ತು.

ಇದು ಬರೀ ಅಂದದ ಮಾತಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಭದ್ರಾ ಮತ್ತು ತುಂಗಭದ್ರಾ ಎರಡರ ಮುಂದೆಯೂ ‘ಹದ್ರಾ’ ಅಂತ ಇತ್ತು. ಮಲಪ್ರಭಾ, ಘಟಪ್ರಭಾ ಎರಡೂ ‘ರಭಾ’ ಆಗಿದ್ದವು. 71.54 ಯಾವ ಹದ್ರಾದ್ದು, 105.79 ಯಾವ ಹದ್ರಾದ್ದು? ಊರು ಗೊತ್ತಿದ್ದ ನಮಗೆ ಪಟ್ಟಿಯ ಉದ್ದ ನೋಡಿ ಗೊತ್ತಾಗುತ್ತದೆ. ಎಲ್ಲೋ ದೂರದಲ್ಲಿ ಕೂತು ಓದುವವರಿಗೆ? ಅವರ ಪಾಲಿಗೆ ಆ ನಾಲ್ಕು ಪಟ್ಟಿಗಳು ಇದ್ದೂ ಇಲ್ಲದಂತೆ. ನಾನು ಮಂಡ್ಯ ಕಡೆಯವಳು. ಪ್ರತಿ ಮಳೆಗಾಲ ಪೇಪರಿನಲ್ಲಿ ಕನ್ನಂಬಾಡಿಯ ನೀರಿನ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ ನೋಡಿಕೊಂಡೇ ಬೆಳೆದವಳು. ಆ ಕಟ್ಟೆಯ ಹೆಸರು ‘ಅಗರ’ ಆಗಿರುವುದನ್ನು ನೋಡಿ ನನಗೆ ನಿಜವಾಗಿಯೂ ಕಸಿವಿಸಿಯಾಯಿತು.

ಅವಳು ಮಾಡಿ ನೋಡಿದ್ದೆಲ್ಲ

ಮೊದಲ ದಿನ ಡಿಪಿಐ ಏರಿಸಿದ್ದಳು. 300 ಇದ್ದದ್ದನ್ನು 600 ಮಾಡಿದಳು. ಫೈಲ್ ದೊಡ್ಡದಾಯಿತು, ‘ಮಕ್ಕಿ’ ಇನ್ನೂ ನುಣುಪಾಗಿ ಕಂಡಿತು. ಲಿಂಗನ ಬರಲಿಲ್ಲ. ಬರುವುದೂ ಇಲ್ಲ. ಅವಳು ಬಳಸುತ್ತಿದ್ದ ಪೈಥಾನ್‌ನ ಗ್ರಾಫ್ ಬಿಡಿಸುವ ಸಾಧನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಹಾಳೆಯ ಅಳತೆ ಇಂಚಿನಲ್ಲಿ, ಅಕ್ಷರದ ಅಳತೆ ಪಾಯಿಂಟಿನಲ್ಲಿ. 72 ಪಾಯಿಂಟ್ ಸೇರಿದರೆ ಒಂದು ಇಂಚು. ಅಂದರೆ ಎರಡೂ ಒಂದೇ ಕೋಲಿನ ಅಳತೆ. ಡಿಪಿಐ ಅನ್ನೋದು ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಅಂಚಿನ ಜಾಗ ದುಪ್ಪಟ್ಟಾದರೆ ಅಕ್ಷರವೂ ದುಪ್ಪಟ್ಟಾಗುತ್ತದೆ. ಇಕ್ಕಟ್ಟು ಇದ್ದ ಹಾಗೇ ಇರುತ್ತದೆ.

ಎರಡನೇ ದಿನ ಅಕ್ಷರ ಚಿಕ್ಕದು ಮಾಡಿದಳು. 8 ಪಾಯಿಂಟಿನಿಂದ 6ಕ್ಕೆ. ಭದ್ರಾ ಪೂರ್ತಿ ಬಂತು. ತುಂಗಭದ್ರಾ ಬರಲಿಲ್ಲ. ಕೃಷ್ಣರಾಜಸಾಗರದಲ್ಲಿ ಐದು ಅಕ್ಷರ ಇದ್ದದ್ದು ಏಳಾಯಿತು. ಆ ಪತ್ರಿಕೆಯ ಸೂಚನೆಯಲ್ಲಿ ಅಕ್ಷರ 7 ಪಾಯಿಂಟಿಗಿಂತ ಚಿಕ್ಕದಿರಬಾರದು ಅಂತ ಇತ್ತು, ಹಾಗಾಗಿ ಆ ದಾರಿ ಅಲ್ಲಿಗೇ ಮುಗಿಯಿತು.

ಮೂರನೇ ದಿನ ಪಿಎನ್‌ಜಿ ಬಿಟ್ಟು ಪಿಡಿಎಫ್ ಮಾಡಿದಳು. ಅದೇ ಕಟ್. ಆಮೇಲೆ ಯಾರೋ ಹೇಳಿದರು ಅಂತ ‘ಟೈಟ್ ಲೇಔಟ್’, ಅಂದರೆ ಅಂಚಿನ ಜಾಗ ಸರಿಹೊಂದಿಸುವ ಆದೇಶ, ಸೇರಿಸಿದಳು. ಅದೂ ಕೆಲಸ ಮಾಡಲಿಲ್ಲ. ಯಾಕೆ ಅಂತ ಅವಳ ಕೋಡ್ ನೋಡಿದ ಮೇಲೆ ಗೊತ್ತಾಯಿತು. ಹಾಳೆ ತೆರೆದ ಮರುಸಾಲಿನಲ್ಲೇ ಟೈಟ್ ಲೇಔಟ್ ಬರೆದಿದ್ದಳು. ಪಟ್ಟಿ, ಹೆಸರು, ಲೆಜೆಂಡ್ ಎಲ್ಲ ಅದರ ಕೆಳಗಿನ ಸಾಲುಗಳಲ್ಲಿ ಬರುತ್ತಿದ್ದವು. ಟೈಟ್ ಲೇಔಟ್ ಕರೆದಾಗ ಒಮ್ಮೆ ಅಳತೆ ತೆಗೆದು ಜಾಗ ಮಾಡುತ್ತದೆ, ಅಷ್ಟೇ. ಆಗ ಹಾಳೆಯ ಮೇಲೆ ಇದ್ದಿದ್ದು ಸೊನ್ನೆಯಿಂದ ಒಂದರವರೆಗಿನ ಖಾಲಿ ಅಂಕಿಗಳು. ಅವುಗಳಿಗೆ ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟಿತ್ತು. ಹೆಸರುಗಳು ಬಂದಾಗ ಯಾರೂ ಮತ್ತೆ ಅಳೆಯಲಿಲ್ಲ.

ನಾಲ್ಕನೇ ದಿನ ಸೋತು, ನೋಟ್‌ಬುಕ್‌ನಲ್ಲಿ ಕಾಣುತ್ತಿದ್ದ ಚಿತ್ರದ ಮೇಲೆಯೇ ಬಲ ಕ್ಲಿಕ್ ಮಾಡಿ ಉಳಿಸಿಕೊಂಡಳು. ಅದರಲ್ಲಿ ಎಲ್ಲಾ ಹೆಸರೂ ಇದ್ದವು, ಲೆಜೆಂಡ್ ಕೂಡ ಇತ್ತು. ಆದರೆ ಪ್ರಿಂಟ್ ತೆಗೆದರೆ ಅಕ್ಷರ ಮಂಜು ಮಂಜು.

‘ಇಲ್ಲಿ ಇದೆ, ಅಲ್ಲಿ ಇಲ್ಲ. ಇದು ಹೇಗೆ ಸಾಧ್ಯ ಮೇಡಂ?’

ಎರಡು ಚಿತ್ರ, ಎರಡು ಆಕಾರ

ನಾನು ಮಾಡಿದ ಮೊದಲ ಕೆಲಸ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದು. ಹೆಸರು, ಬಣ್ಣ ಏನನ್ನೂ ನೋಡಬೇಡ, ಆಕಾರ ಮಾತ್ರ ನೋಡು ಅಂದೆ. ಸೇವ್ ಮಾಡಿದ ಫೈಲ್ 1050 ಚುಕ್ಕೆ ಅಗಲ, 1200 ಚುಕ್ಕೆ ಎತ್ತರ. ಅವಳು ಕೋಡಿನಲ್ಲಿ ಹೇಳಿದ್ದೂ ಅದೇ: 3.5 ಇಂಚು ಅಗಲ, 4 ಇಂಚು ಎತ್ತರ, ಇಂಚಿಗೆ 300 ಚುಕ್ಕೆ. ಫೈಲ್ ಹೇಳಿದ ಮಾತಿಗೆ ತಪ್ಪಿರಲಿಲ್ಲ. ನೋಟ್‌ಬುಕ್‌ನಿಂದ ಉಳಿಸಿಕೊಂಡ ಚಿತ್ರದ ಅಗಲ ಎತ್ತರಕ್ಕಿಂತ ಜಾಸ್ತಿ ಇತ್ತು. ಒಂದು ನಿಂತ ಹಾಳೆ, ಇನ್ನೊಂದು ಮಲಗಿದ ಹಾಳೆ. ನಾಲ್ಕು ದಿನ ಎರಡನ್ನೂ ನೋಡಿದ್ದರೂ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬೀಳುವುದು ಕಷ್ಟವೇ. ಬಿಳಿ ಪರದೆಯ ಮೇಲೆ ಬಿಳಿ ಚಿತ್ರ ಇದ್ದರೆ ಹಾಳೆ ಎಲ್ಲಿ ಮುಗಿಯುತ್ತದೆ ಅಂತ ಯಾರಿಗೆ ಕಾಣುತ್ತದೆ?

ಅದಕ್ಕೆ ಒಂದು ಸಣ್ಣ ಉಪಾಯ ಇದೆ. ಹಾಳೆಯ ಹಿನ್ನೆಲೆ ಬಣ್ಣವನ್ನು ತಿಳಿ ಹಳದಿ ಮಾಡುವುದು. ಒಂದೇ ಸಾಲಿನ ಕೆಲಸ. ಮಾಡಿ ಮತ್ತೆ ಸೇವ್ ಮಾಡಿದೆವು. ಹಳದಿ ಹಾಳೆಯ ಎಡ ಅಂಚಿಗೆ ಹೆಸರುಗಳು ಹೋಗಿ ಡಿಕ್ಕಿ ಹೊಡೆದಂತೆ ನಿಂತಿದ್ದವು. ಬಲ ಅಂಚಿನಲ್ಲಿ ಲೆಜೆಂಡಿನ ಡಬ್ಬಿ ಬಣ್ಣದ ಚೌಕಗಳು ಮುಗಿಯುವಷ್ಟರಲ್ಲೇ ಹಾಳೆಯಿಂದ ಹೊರಗೆ ಹೋಗಿತ್ತು. ನೋಟ್‌ಬುಕ್‌ನಲ್ಲಿ ಮಾತ್ರ ಎಲ್ಲದರ ಸುತ್ತ ಹಳದಿ ಅಂಚು, ಸುತ್ತಲೂ ಒಂದೇ ಅಳತೆ.

ಇಲ್ಲಿದೆ ಗುಟ್ಟು. ಜುಪಿಟರ್ ನೋಟ್‌ಬುಕ್ ಚಿತ್ರವನ್ನು ಪುಟದೊಳಗೆ ತೋರಿಸುವಾಗ ನಾವು ಹೇಳಿದ ಹಾಳೆಯ ಅಳತೆಯನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಹಾಳೆಯ ಮೇಲೆ, ಹಾಳೆಯ ಹೊರಗೆ ಏನೇನು ಬರೆದಿದೆಯೋ ಅದೆಲ್ಲವನ್ನೂ ಸುತ್ತುವರಿಯುವ ಚೌಕ ಹಾಕಿ, ಅಷ್ಟನ್ನು ಕತ್ತರಿಸಿ ತೋರಿಸುತ್ತದೆ. ಅದರ ಇನ್‌ಲೈನ್ ಬ್ಯಾಕೆಂಡಿನಲ್ಲಿ, ಅಂದರೆ ಪುಟದೊಳಗೆ ಚಿತ್ರ ಬಿಡಿಸುವ ಭಾಗದಲ್ಲಿ, ‘ಬಿಬಾಕ್ಸ್ ಇಂಚಸ್’ ಅನ್ನುವ ಆಯ್ಕೆ ಮೊದಲಿಂದಲೇ ‘ಟೈಟ್’ ಅಂತ ಇರುತ್ತದೆ. ನಾವು ಬರೆದದ್ದಲ್ಲ, ಅದಾಗೇ ಬಂದದ್ದು. ಆದರೆ ಅದೇ ಕೋಡಿನಲ್ಲಿ ಚಿತ್ರವನ್ನು ಫೈಲ್ ಆಗಿ ಉಳಿಸುವ ‘ಸೇವ್‌ಫಿಗ್’ ಕರೆದರೆ ಆ ಆಯ್ಕೆ ಅಲ್ಲಿಗೆ ಹೋಗುವುದಿಲ್ಲ. ಸೇವ್‌ಫಿಗ್ ನಾವು ಹೇಳಿದಷ್ಟೇ ಹಾಳೆ ತೆಗೆದುಕೊಳ್ಳುತ್ತದೆ. ಹೊರಗೆ ಚಾಚಿದ್ದು ಹೋಯಿತು.

ಹಾಗಾದರೆ ಕಾಣುವುದು ಒಂದು ನಿಯಮದ ಚಿತ್ರ, ಉಳಿಯುವುದು ಇನ್ನೊಂದು ನಿಯಮದ ಚಿತ್ರ. ಇದನ್ನು ಅವಳಿಗೆ ತೋರಿಸಲು ನೋಟ್‌ಬುಕ್‌ನ ಆ ಸೆಟ್ಟಿಂಗ್ ಬದಲಿಸಿ, ‘ಟೈಟ್’ ಜಾಗದಲ್ಲಿ ‘ನನ್’, ಅಂದರೆ ಏನೂ ಬೇಡ, ಅಂತ ಬರೆದೆವು. ಕೋಡ್ ಮತ್ತೆ ಓಡಿಸಿದಾಗ ಪರದೆಯ ಮೇಲೂ ‘ಮಕ್ಕಿ’, ‘ಹದ್ರಾ’, ‘ರಭಾ’ ಬಂದವು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಂದ್ರೆ ಮೊದಲಿಂದಲೂ ಕಟ್ ಆಗೇ ಇತ್ತು. ನನಗೆ ಕಾಣ್ತಿರಲಿಲ್ಲ ಅಷ್ಟೇ, ಅಲ್ವಾ?’ ಅಂದಳು. ಹೌದು, ಅಷ್ಟೇ.

ಹೀಗೆ ಎರಡು ಬಗೆ ಯಾಕಿದೆ ಅನ್ನೋದಕ್ಕೂ ಹಿನ್ನೆಲೆ ಇದೆ. ಮ್ಯಾಟ್‌ಪ್ಲಾಟ್‌ಲಿಬ್ ಬರೆದವರು ಜಾನ್ ಹಂಟರ್, ನರವಿಜ್ಞಾನದ ಸಂಶೋಧಕರು. ಮೂರ್ಛೆ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಅವರಿಗೊಂದು ಸಾಧನ ಬೇಕಿತ್ತು. 2003ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2012ರಲ್ಲಿ ಅವರು ತೀರಿಕೊಂಡರು. ಚಿತ್ರ ಏನು ಅನ್ನುವುದು ಒಂದು ಕಡೆ, ಅದನ್ನು ಎಲ್ಲಿ ಬಿಡಿಸಬೇಕು ಅನ್ನುವುದು ಇನ್ನೊಂದು ಕಡೆ ಇರುವಂತೆ ಈ ಸಾಧನ ಕಟ್ಟಲಾಗಿದೆ. ಪರದೆಗೆ ಒಬ್ಬ ಬಿಡಿಸುವವ, ಪಿಎನ್‌ಜಿಗೆ ಒಬ್ಬ, ಪಿಡಿಎಫ್‌ಗೆ ಒಬ್ಬ. ಇವರಿಗೇ ಬ್ಯಾಕೆಂಡ್ ಅನ್ನುವುದು. ಒಂದೇ ಕೋಡ್ ಎಲ್ಲಾ ಕಡೆ ಓಡುವುದು ಇದರಿಂದಲೇ. ಪರದೆಯನ್ನು ನಂಬಿ ಫೈಲ್ ಕಳಿಸಬಾರದು ಅನ್ನುವುದೂ ಇದರಿಂದಲೇ ಬಂದದ್ದು.

ಐದೇ ಅಕ್ಷರ ಯಾಕೆ

ಕಾರಣ ಸಿಕ್ಕಿತು. ಆದರೆ ಅವಳಿಗೆ ಇನ್ನೊಂದು ಪ್ರಶ್ನೆ ಇತ್ತು. ಸರಿಯಾಗಿ ಐದೇ ಅಕ್ಷರ ಉಳಿದಿದ್ದು ಯಾಕೆ? ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆವು.

ನಾವು ಏನೂ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಹಾಳೆಯ ಅಗಲದಲ್ಲಿ ಎಡಗಡೆ 0.125 ಪಾಲು ಬಿಟ್ಟು ಚೌಕಟ್ಟು ಶುರು ಮಾಡುತ್ತದೆ. ಬಲಗಡೆ 0.9ಕ್ಕೆ ನಿಲ್ಲಿಸುತ್ತದೆ. ಗಮನಿಸಿ, ಇದು ಇಂಚಲ್ಲ, ಪಾಲು. ಏನೂ ಹೇಳದಿದ್ದಾಗ ಹಾಳೆಯ ಅಗಲ 6.4 ಇಂಚು ಇರುತ್ತದೆ. ಅದರಲ್ಲಿ 0.125 ಅಂದರೆ 0.8 ಇಂಚು. ಅಂಕಿಗಳಿಗೆ ಅಷ್ಟು ಸಾಕು. ಅವಳ ಹಾಳೆ 3.5 ಇಂಚು. ಎಡಗಡೆ ಸಿಕ್ಕಿದ್ದು 0.4375 ಇಂಚು, ಅಂದರೆ 31.5 ಪಾಯಿಂಟ್. ಅದರಲ್ಲಿ ಅಕ್ಷದ ಮೇಲಿನ ಸಣ್ಣ ಗೀಟಿಗೆ 3.5 ಪಾಯಿಂಟ್ ಹೋಗುತ್ತದೆ. ಗೀಟಿಗೂ ಹೆಸರಿಗೂ ನಡುವೆ ಇನ್ನೊಂದು 3.5. ಉಳಿದಿದ್ದು 24.5 ಪಾಯಿಂಟ್.

8 ಪಾಯಿಂಟಿನ ಅಕ್ಷರ ಅಂದರೆ ಅದರ ಅಗಲ 8 ಅಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ಫಾಂಟ್ ದೇಜಾವು ಸ್ಯಾನ್ಸ್‌ನಲ್ಲಿ ಸಣ್ಣಕ್ಷರಗಳ ಅಗಲ ಸರಾಸರಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ನಾಲ್ಕೂವರೆ ಪಾಯಿಂಟಿನ ಆಸುಪಾಸು. 24.5ರೊಳಗೆ ಐದು ಅಕ್ಷರ ಹಿಡಿಯುತ್ತದೆ, ಆರನೆಯದು ಹಿಡಿಯುವುದಿಲ್ಲ. ಹೆಸರುಗಳು ಬಲಕ್ಕೆ ಒತ್ತಿಕೊಂಡು ಕೂರುತ್ತವೆ, ಹಾಗಾಗಿ ಉಳಿಯುವುದು ಬಾಲ. ಕೃಷ್ಣರಾಜಸಾಗರ ಪೂರ್ತಿ ಕಾಣಬೇಕಾದರೆ ಗೀಟು ಸೇರಿ ಸುಮಾರು 1.1 ಇಂಚು ಬೇಕು. ಇದ್ದಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಈ ಲೆಕ್ಕ ಮುಗಿದಾಗ ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ನಾಲ್ಕು ದಿನ ಸಾಫ್ಟ್‌ವೇರ್ ಸುಮ್ಸುಮ್ನೆ ಆಟ ಆಡಿಸುತ್ತಿದೆ ಅಂದುಕೊಂಡಿದ್ದಳು. ಈಗ ಅದು ಸ್ಕೇಲ್ ಇಟ್ಟು ಅಳೆಯಬಹುದಾದ ಜಾಗದ ವಿಷಯ ಆಗಿತ್ತು.

ಮೊದಲ ಪರಿಹಾರ ಮತ್ತು ಅದರ ಬೆಲೆ

‘ಹಾಗಾದ್ರೆ ಸೇವ್‌ಫಿಗ್‌ಗೂ ಟೈಟ್ ಅಂತ ಹೇಳಿಬಿಟ್ರೆ ಆಯ್ತಲ್ಲ ಮೇಡಂ?’

ಹೇಳಿದೆವು. ಎಲ್ಲಾ ಹೆಸರೂ ಬಂದವು, ಲೆಜೆಂಡೂ ಬಂತು. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಮನೆಪಾಠದ ವರದಿಗೆ, ಸ್ಲೈಡಿಗೆ ಆದರೆ ನಾನೂ ಇಲ್ಲಿಗೇ ನಿಲ್ಲಿಸುತ್ತೇನೆ. ಪತ್ರಿಕೆಗೆ ಕಳಿಸುವ ಚಿತ್ರಕ್ಕೆ ಮಾತ್ರ ಇದು ಸಾಲದು.

ಫೈಲ್‌ನ ಅಳತೆ ನೋಡು ಅಂದೆ. ಅಗಲ 1590ರ ಆಸುಪಾಸು ಚುಕ್ಕೆ. ಅಂದರೆ 5.3 ಇಂಚು. ನಾವು ಕೇಳಿದ್ದು 3.5. ಸೇವ್‌ಫಿಗ್‌ನ ಈ ಟೈಟ್ ಬೇರೆ, ಹಿಂದೆ ಹೇಳಿದ ಟೈಟ್ ಲೇಔಟ್ ಬೇರೆ. ಇದು ಚೌಕಟ್ಟನ್ನು ಸರಿಸಿ ಜಾಗ ಮಾಡಿಕೊಡುವುದಿಲ್ಲ. ಹಾಳೆಯನ್ನೇ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಸುತ್ತ 0.1 ಇಂಚು ಅಂಚು ಬಿಟ್ಟು. ಈಗ ಈ 5.3 ಇಂಚಿನ ಚಿತ್ರ ಪತ್ರಿಕೆಯ ಒಂದು ಕಾಲಮ್ಮಿಗೆ, ಅಂದರೆ 3.5 ಇಂಚಿಗೆ, ಕುಗ್ಗಬೇಕು. ಜೊತೆಗೆ ಅಕ್ಷರವೂ ಕುಗ್ಗುತ್ತದೆ. 8 ಪಾಯಿಂಟ್ 5.3 ಪಾಯಿಂಟ್ ಆಗುತ್ತದೆ. 7ಕ್ಕಿಂತ ಚಿಕ್ಕದು ಬೇಡ ಅಂದವರ ಕೈಗೆ 5.3 ಕೊಟ್ಟಂತೆ. ಮುಂದಿನ ರಿವ್ಯೂನಲ್ಲಿ ‘ಅಕ್ಷರ ಓದಲಾಗುತ್ತಿಲ್ಲ’ ಅಂತ ಬರುತ್ತಿತ್ತು. ಆಗ ಕಾರಣ ಹುಡುಕುವುದು ಇನ್ನೂ ಕಷ್ಟ. ಕೋಡಿನಲ್ಲಿ 8 ಅಂತಲೇ ಬರೆದಿರುತ್ತದಲ್ಲ.

ಇದೇ ಕಾರಣಕ್ಕೆ, ಒಂದೇ ಅಳತೆಯ ಹತ್ತು ಚಿತ್ರ ಬೇಕಾದಾಗಲೂ ಟೈಟ್ ಕೈಕೊಡುತ್ತದೆ. ಒಂದೊಂದರ ಹೆಸರಿನ ಉದ್ದ ಒಂದೊಂದು ಥರ, ಹಾಗಾಗಿ ಒಂದೊಂದು ಹಾಳೆಯ ಅಗಲವೂ ಒಂದೊಂದು ಥರ. ಚಿತ್ರಗಳನ್ನು ಜೋಡಿಸಿ ವಿಡಿಯೊ ಮಾಡುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ನಾವು ಕೊನೆಗೆ ಹಿಡಿದ ದಾರಿ ‘ಕನ್‌ಸ್ಟ್ರೇನ್ಡ್ ಲೇಔಟ್’. ಇದು ಮ್ಯಾಟ್‌ಪ್ಲಾಟ್‌ಲಿಬ್ 2.2ರಲ್ಲಿ, 2018ರಲ್ಲಿ ಬಂದದ್ದು. ಹಾಳೆಯ ಅಳತೆ ನಾವು ಹೇಳಿದಷ್ಟೇ ಇರುತ್ತದೆ. ಒಳಗಿನ ಚೌಕಟ್ಟನ್ನು ಇದು ಕುಗ್ಗಿಸಿ ಹೆಸರಿಗೆ, ಲೆಜೆಂಡಿಗೆ ಜಾಗ ಮಾಡುತ್ತದೆ. ಟೈಟ್ ಲೇಔಟ್ ಥರ ಒಮ್ಮೆ ಅಳೆದು ಸುಮ್ಮನಾಗುವುದಿಲ್ಲ, ಪ್ರತಿ ಸಲ ಬಿಡಿಸುವಾಗಲೂ ಅಳೆಯುತ್ತದೆ. ಹಾಳೆ ತೆರೆಯುವ ಸಾಲಿನಲ್ಲೇ ಬರೆದರೂ ಸರಿ, ಹೆಸರುಗಳು ಆಮೇಲೆ ಬಂದರೂ ಸರಿ.

ಹಾಕಿ ನೋಡಿದೆವು. ಏನೂ ಕಟ್ ಆಗಲಿಲ್ಲ. ಆದರೆ ಎಡಗಡೆ ಹೆಸರಿಗೆ ಒಂದು ಇಂಚಿಗಿಂತ ಜಾಸ್ತಿ, ಬಲಗಡೆ ಲೆಜೆಂಡಿಗೆ ಒಂದೂಕಾಲು ಇಂಚು ಹೋಗಿ, ಪಟ್ಟಿಗಳಿಗೆ ಉಳಿದಿದ್ದು ಒಂದು ಇಂಚು ಚಿಲ್ಲರೆ. ಹಾರಂಗಿಯ ಪಟ್ಟಿ ಗೀಟಿನ ಹಾಗೆ ಕಾಣುತ್ತಿತ್ತು. ಇದು ಸಾಫ್ಟ್‌ವೇರಿನ ತಪ್ಪಲ್ಲ. ಮೂರೂವರೆ ಇಂಚಿನಲ್ಲಿ ನಾವು ತುಂಬಿಸಲು ಹೊರಟಿದ್ದೇ ಜಾಸ್ತಿ ಇತ್ತು. ಇನ್ನು ಮುಂದಿನದು ಸೆಟ್ಟಿಂಗಿನ ಮಾತಲ್ಲ, ಯಾವುದನ್ನು ಎಲ್ಲಿ ಇಡಬೇಕು ಅನ್ನುವ ಮಾತು.

ಅವಳ ಗೈಡ್ ಹೆಸರುಗಳನ್ನು ಚಿಕ್ಕದು ಮಾಡಿ ಅಂದರಂತೆ. ಕೃಷ್ಣರಾಜಸಾಗರಕ್ಕೆ ಕೆಆರ್‌ಎಸ್ ಅಂತ ಬರೆದರೆ ಮುಗಿಯಿತಲ್ಲ ಅಂತ. ನನಗೆ ಮನಸ್ಸು ಬರಲಿಲ್ಲ. ಕೆಆರ್‌ಎಸ್ ಅಂದರೆ ನಮಗೆ ಸಾಕು, ಹೊರಗಿನವರಿಗೆ ಅದು ಬರೀ ಮೂರು ಅಕ್ಷರ. ಹೆಸರು ಉಳಿಯಲಿ, ಲೆಜೆಂಡ್ ಜಾಗ ಬದಲಿಸಲಿ ಅಂದೆ. ಪಟ್ಟಿಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಬರುವುದರಿಂದ ಚೌಕಟ್ಟಿನ ಕೆಳಗಿನ ಬಲ ಮೂಲೆ ಪೂರ್ತಿ ಖಾಲಿ ಇತ್ತು. ಕೆಳಗಿನ ನಾಲ್ಕು ಪಟ್ಟಿಗಳಲ್ಲಿ ದೊಡ್ಡದು ನಾರಾಯಣಪುರ, 33.31. ಅದು ಅಗಲದ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಲೆಜೆಂಡನ್ನು ಆ ಮೂಲೆಯೊಳಗೆ ಕೂರಿಸಿದೆವು. ಪಟ್ಟಿಗಳಿಗೆ 2.3 ಇಂಚು ಸಿಕ್ಕಿತು. ಚಿತ್ರ ಉಸಿರಾಡಿತು.

ಒಂದು ಸಣ್ಣ ತೊಡಕು ಉಳಿದಿತ್ತು. ಪಟ್ಟಿಯ ತುದಿಯಲ್ಲಿ ಅಂಕಿ ಬರೆದಿದ್ದಳು. ಲಿಂಗನಮಕ್ಕಿಯ 151.75 ಮಾತ್ರ ಚೌಕಟ್ಟಿನ ಗೆರೆ ದಾಟಿ ಹೊರಗೆ ಕೂತಿತ್ತು. ಅಕ್ಷ ಎಷ್ಟು ಉದ್ದ ಇರಬೇಕು ಅಂತ ನಿರ್ಧರಿಸುವಾಗ ಪಟ್ಟಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ತುದಿಯ ಅಂಕಿಗಳನ್ನಲ್ಲ. ಅಕ್ಷವನ್ನು ಸ್ವಲ್ಪ ಮುಂದಕ್ಕೆ ಎಳೆದೆವು, ಒಳಗೆ ಬಂತು.

ವರ್ಡ್ ಫೈಲಿನಲ್ಲಿ ಮತ್ತೆ ಕತ್ತರಿ

ಮಾರನೇ ದಿನ ಬೆಳಿಗ್ಗೆ ಫೋನ್. ‘ಮೇಡಂ, ಮತ್ತೆ ಕಟ್ ಆಗಿದೆ. ಈ ಸಲ ಪೂರ್ತಿ.’

ಅವಳು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಚಿತ್ರದ ಕೆಳಗಿನ ಒಂದು ಸಣ್ಣ ಪಟ್ಟಿ ಮಾತ್ರ ಇತ್ತು. ಅಕ್ಷದ ಕೆಳಗಿನ ‘ಟಿಎಂಸಿ’ ಅನ್ನುವ ಸಾಲು, ಅಷ್ಟೇ. ಮೇಲಿನದೆಲ್ಲ ಮಾಯ. ಪಿಎನ್‌ಜಿ ಫೈಲನ್ನು ಬೇರೆಯಾಗಿ ತೆರೆದು ನೋಡು ಅಂದೆ. ಅಲ್ಲಿ ಸರಿಯಾಗೇ ಇತ್ತು. ಹಾಗಾದರೆ ಈ ಕತ್ತರಿ ನಮ್ಮದಲ್ಲ, ವರ್ಡ್ ಫೈಲಿನದು. ಅವಳು ಬಳಸುತ್ತಿದ್ದ ಟೆಂಪ್ಲೇಟಿನಲ್ಲಿ ಸಾಲುಗಳ ಅಂತರವನ್ನು ‘ಎಕ್ಸಾಕ್ಟ್‌ಲಿ’ ಅಂತ ಇಟ್ಟು 12 ಪಾಯಿಂಟ್ ಕೊಟ್ಟಿದ್ದರು. ಸಾಲಿನೊಳಗೆ ಇಟ್ಟ ಚಿತ್ರವೂ ಆ ಸಾಲಿನ ಒಂದು ಅಕ್ಷರದ ಹಾಗೇ ಲೆಕ್ಕ. 12 ಪಾಯಿಂಟ್ ಎತ್ತರದಷ್ಟೇ ತೋರಿಸುತ್ತದೆ. ಆ ಒಂದು ಪ್ಯಾರಾದ ಅಂತರವನ್ನು ‘ಸಿಂಗಲ್’ ಮಾಡಿದ ಕೂಡಲೇ ಇಡೀ ಚಿತ್ರ ಬಂತು.

ಚಿತ್ರ ಕಟ್ ಆದಾಗ ನಾನು ಮೊದಲು ಕೇಳುವುದು ಇದನ್ನೇ: ಎಲ್ಲಿ ಕಟ್ ಆಗಿದೆ? ಫೈಲಿನಲ್ಲೋ, ಫೈಲನ್ನು ಇಟ್ಟ ಜಾಗದಲ್ಲೋ? ಮೊದಲ ದಿನವೇ ಈ ಪ್ರಶ್ನೆ ಕೇಳಿಕೊಂಡರೆ ಬಹಳ ಸಮಯ ಉಳಿಯುತ್ತದೆ. ಬೇರೆ ಸಾಧನಗಳಲ್ಲೂ ಬೇರು ಇಂಥದ್ದೇ. ಆರ್ ಭಾಷೆಯ ಮಾಮೂಲಿ ಗ್ರಾಫಿನಲ್ಲಿ ಎಡ ಅಂಚು 4.1 ಸಾಲಿನಷ್ಟೇ ಇರುತ್ತದೆ, ಹೆಸರುಗಳನ್ನು ಅಡ್ಡಲಾಗಿ ಬರೆದರೆ ಹೀಗೇ ಬಾಲ ಮಾತ್ರ ಉಳಿಯುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಹಳೆಯ ರೀತಿಯಲ್ಲಿ ಪಿಡಿಎಫ್ ಮಾಡಿದರೆ ಕಾಗದದ ಅಳತೆ ಬೇರೆ, ಚಿತ್ರದ ಅಳತೆ ಬೇರೆ ಆಗಿ ಅಂಚು ಹೋಗುತ್ತಿತ್ತು. 2020ರಲ್ಲಿ ‘ಎಕ್ಸ್‌ಪೋರ್ಟ್ ಗ್ರಾಫಿಕ್ಸ್’ ಬಂದ ಮೇಲೆ ಅಲ್ಲಿ ಈ ಕೆಲಸ ಹಗುರವಾಗಿದೆ.

ಅಂಚು ಕಾಯುವ ಕೋಡ್

ಅವಳ ಪ್ರಬಂಧದಲ್ಲಿ ಇನ್ನೂ ಬಹಳ ಚಿತ್ರಗಳಿದ್ದವು. ಒಂದೊಂದನ್ನೂ ಕಣ್ಣಲ್ಲೇ ನೋಡುತ್ತಾ ಕೂತರೆ ಯಾವುದೋ ಒಂದು ತಪ್ಪಿಹೋಗುತ್ತದೆ. ಅದಕ್ಕೆ ಏಳೆಂಟು ಸಾಲಿನ ಒಂದು ಕೋಡ್ ಬರೆದೆವು. ಅವಳೇ ಬರೆದಳು, ನಾನು ಪಕ್ಕದಲ್ಲಿ ಕೂತಿದ್ದೆ. ಸೇವ್ ಆದ ಪಿಎನ್‌ಜಿಯನ್ನು ಅದು ಮತ್ತೆ ತೆರೆಯುತ್ತದೆ. ನಾಲ್ಕೂ ಅಂಚಿನ ಕೊನೆಯ ಸಾಲಿನ ಚುಕ್ಕೆಗಳನ್ನು ನೋಡುತ್ತದೆ. ಅಂಚಿನಲ್ಲಿ ಎಲ್ಲವೂ ಬಿಳಿ ಇದ್ದರೆ ಸರಿ. ಒಂದು ಚುಕ್ಕೆಯಾದರೂ ಬೇರೆ ಬಣ್ಣದ್ದಿದ್ದರೆ ಏನೋ ಒಂದು ಹಾಳೆಯ ಹೊರಗೆ ಚಾಚಿದೆ ಅಂತ ಫೈಲಿನ ಹೆಸರು ಹೇಳುತ್ತದೆ. ಜೊತೆಗೆ ಅಗಲ ಎಷ್ಟು ಚುಕ್ಕೆ ಅಂತಲೂ ನೋಡುತ್ತದೆ. 1050 ಅಲ್ಲದಿದ್ದರೆ ಅದನ್ನೂ ಹೇಳುತ್ತದೆ. ಹಿನ್ನೆಲೆ ಬಿಳಿ ಇರುವ ಚಿತ್ರಗಳಿಗೆ ಇದು ಸಾಕು.

ಹಳೆಯ ಮೂರನೇ ಚಿತ್ರವನ್ನು ಅದಕ್ಕೆ ಕೊಟ್ಟೆವು. ಎಡ ಅಂಚು, ಬಲ ಅಂಚು ಎರಡನ್ನೂ ಹಿಡಿದು ತೋರಿಸಿತು. ಉಳಿದ ಚಿತ್ರಗಳನ್ನೂ ಓಡಿಸಿದಾಗ ಇನ್ನೊಂದು ಸಿಕ್ಕಿತು. ಅದರ ಕೆಳ ಅಂಚಿನಲ್ಲಿ ವಾರೆಯಾಗಿ ಬರೆದ ತಿಂಗಳ ಹೆಸರುಗಳ ಬುಡ ಒಂದಿಷ್ಟು ಹೋಗಿತ್ತು. ಅದನ್ನು ರಿವ್ಯೂವರ್ ಗಮನಿಸಿರಲಿಲ್ಲ, ಗೈಡ್ ಗಮನಿಸಿರಲಿಲ್ಲ, ಅವಳೂ ಗಮನಿಸಿರಲಿಲ್ಲ.

ಕನ್ನಡದಲ್ಲಿ ಅದೇ ಚಿತ್ರ

ಅವಳಿಗೆ ಇದೇ ಚಿತ್ರ ಕನ್ನಡದಲ್ಲೂ ಬೇಕಿತ್ತು, ತನ್ನ ಊರಿನ ಶಾಲೆಯಲ್ಲಿ ತೋರಿಸೋಕೆ. ದೇಜಾವು ಸ್ಯಾನ್ಸ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಹಾಗಾಗಿ ಮೊದಲು ಬಂದದ್ದು ಖಾಲಿ ಡಬ್ಬಿಗಳ ಸಾಲು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆವು. ಅಕ್ಷರ ಬಂತು, ಒತ್ತು ಬರಲಿಲ್ಲ. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಿತ್ತೇ ಹೊರತು ಕೂಡಿಸುತ್ತಿರಲಿಲ್ಲ. ‘ಕೃಷ್ಣ’ ಅನ್ನುವಲ್ಲಿ ಷ, ಅದರ ಪಕ್ಕ ಅರ್ಧಾಕ್ಷರದ ಒಂದು ಬಿಡಿ ಗುರುತು, ಅದರ ಪಕ್ಕ ಣ. ಕತ್ತರಿಸಿಹೋದ ಹೆಸರಿಗಿಂತ ಬಿಡಿಸಿ ಹರಡಿದ ಹೆಸರು ನೋಡಲು ಇನ್ನೂ ಬೇಸರ.

ಅದಕ್ಕೆ ಚಿತ್ರವನ್ನು ಎಸ್‌ವಿಜಿ ಆಗಿ, ಅಂದರೆ ಬ್ರೌಸರ್ ತೆರೆದು ತೋರಿಸಬಲ್ಲ ಇನ್ನೊಂದು ಬಗೆಯ ಫೈಲಾಗಿ, ಸೇವ್ ಮಾಡಿದೆವು. ಎಸ್‌ವಿಜಿಯಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಬೇಡ, ಅಕ್ಷರವಾಗೇ ಬಿಡು ಅಂತ ಹೇಳುವ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಒತ್ತು ಕೂಡಿಸುವ ಕೆಲಸವನ್ನು ಬ್ರೌಸರ್ ಮಾಡುತ್ತದೆ, ಅದಕ್ಕೆ ಆ ಕೆಲಸ ಚೆನ್ನಾಗಿ ಬರುತ್ತದೆ. ಒಂದೇ ಎಚ್ಚರ: ನೋಡುವವರ ಕಂಪ್ಯೂಟರಿನಲ್ಲೂ ಕನ್ನಡ ಫಾಂಟ್ ಇರಬೇಕು. ಬಿಡಿಬಿಡಿ ಅಕ್ಷರದ ಲೆಕ್ಕದಲ್ಲಿ ಜಾಗ ಬಿಟ್ಟಿದ್ದರಿಂದ, ಕೂಡಿದ ಮೇಲೆ ಹೆಸರು ಇನ್ನೂ ಚಿಕ್ಕದಾಗಿ, ಎಡಗಡೆ ಜಾಗ ಸ್ವಲ್ಪ ಜಾಸ್ತಿಯೇ ಉಳಿಯಿತು. ಅದರಿಂದ ತೊಂದರೆ ಇರಲಿಲ್ಲ.

ಪತ್ರಿಕೆಯಿಂದ ಪ್ರೂಫ್ ಬಂದ ದಿನ ಅವಳು ಆ ಪುಟವನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆದುಕೊಂಡು ಬಂದಳು. ನನ್ನ ಮೇಜಿನ ಮೇಲಿದ್ದ ಸ್ಕೇಲ್ ತೆಗೆದುಕೊಂಡು ಮೂರನೇ ಚಿತ್ರದ ಮೇಲೆ ಅಡ್ಡ ಇಟ್ಟಳು. 89 ಮಿಲಿಮೀಟರ್, ಮೂರೂವರೆ ಇಂಚು. ಆಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಹದಿಮೂರು ಹೆಸರನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಲಿಂಗನಮಕ್ಕಿಯಿಂದ ಹಾರಂಗಿಯವರೆಗೆ.